ಗರ್ಭಸ್ಥ ಶಿಶುವಿನ ಸ್ಥಾನ: ಯಾದಗಿರಿ, ಶಹಾಪುರ, ಸುರಪುರ ಪರಿಸರದ ಕೆಲವು ಚಾರಿತ್ರಿಕ ನೆಲೆಗಳು

ಗರ್ಭಪಾತದ ನೈತಿಕತೆಯನ್ನು ಕುರಿತ ಆಧುನಿಕ ಚರ್ಚೆ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆದಿದೆ. ಇನ್ನೂ ಹುಟ್ಟದ ಜೀವಕ್ಕೆ ಮನುಷ್ಯನ ಸ್ಥಾನ ಯಾವಾಗ ದೊರೆಯುತ್ತದೆ ಎಂಬುದೇ ಆ ಪ್ರಶ್ನೆ. ಯಾದಗಿರಿ, ಶಹಾಪುರ, ಸುರಪುರ ಪರಿಸರದ ಶಾಸ್ತ್ರ, ಸಂಪ್ರದಾಯ ಮತ್ತು ಜನಪದ ಆಚರಣೆಗಳನ್ನು ಒಟ್ಟಿಗೆ ಇರಿಸಿ ನೋಡಿದರೆ ಈ ಪ್ರಶ್ನೆಗೆ ಒಂದು ಉತ್ತರವಲ್ಲ, ಹಲವು ಉತ್ತರಗಳಿರುವುದು ಕಂಡುಬರುತ್ತದೆ. ಆಸ್ತಿಯ ಪಾಲಿನಲ್ಲಿ ಗರ್ಭಸ್ಥ ಶಿಶುವಿಗೆ ಒಂದು ಸ್ಥಾನವಿದ್ದರೆ, ದೀಕ್ಷೆಯಲ್ಲಿ ಮತ್ತೊಂದು, ಹಾಡಿನಲ್ಲಿ ಇನ್ನೊಂದು. ಇವೆಲ್ಲವುಗಳಲ್ಲಿ ಸಮಾನವಾದ ಅಂಶವೊಂದಿದೆ: ಆ ಸ್ಥಾನ ಶಿಶುವಿಗೆ ತಾಯಿಯ ಮೂಲಕವೇ ಒದಗುತ್ತಿತ್ತು. ಆದ್ದರಿಂದ ತಾಯಿ ಯಾರು, ಆಕೆಗೆ ಗಂಡನಿದ್ದಾನೆಯೇ, ತವರಿದೆಯೇ ಎಂಬುದರ ಮೇಲೆ ಶಿಶುವಿನ ಸ್ಥಾನವೂ ನಿರ್ಧಾರವಾಗುತ್ತಿತ್ತು.

ಮೊದಲು ಶಾಸ್ತ್ರವನ್ನು ನೋಡಬಹುದು. ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕಲಬುರಗಿ ಜಿಲ್ಲೆಯ ಮರ್ತೂರು ಅವನ ಊರೆಂದು ಪ್ರತೀತಿ. 2009–10ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಯಾದಗಿರಿಯೂ ಅದೇ ಜಿಲ್ಲೆಗೆ ಸೇರಿದ್ದುದರಿಂದ ಈ ಗ್ರಂಥವನ್ನು ಇಲ್ಲಿಯ ನೆರೆಹೊರೆಯ ಗ್ರಂಥವೆಂದೇ ಕರೆಯಬಹುದು. ಪಿತ್ರಾರ್ಜಿತ ಆಸ್ತಿಯ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂಬುದು ಮಿತಾಕ್ಷರದ ಪ್ರಸಿದ್ಧ ಸಿದ್ಧಾಂತ. ಆದರೆ ಅದರ ಕಣ್ಣು ಹುಟ್ಟಿಗಿಂತ ಹಿಂದಕ್ಕೂ ಹೋಗಿದೆ. ತಂದೆ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾಗುವಾಗ ಮನೆಯ ಹೆಂಗಸಿನ ಬಸಿರು ಸ್ಪಷ್ಟವಾಗಿ ಕಾಣುತ್ತಿದ್ದರೆ ಹೆರಿಗೆಯವರೆಗೂ ಕಾದು ಪಾಲು ಮಾಡಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಹೊಟ್ಟೆಯೊಳಗಿನ ಕೂಸಿಗಾಗಿ ಹೊಲಮನೆಗಳ ಹಂಚಿಕೆಯೇ ನಿಲ್ಲುತ್ತದೆ! ಆದರೆ ಹೀಗೆ ಕಾಯುವುದು ಗಂಡುಮಗುವಿನ ನಿರೀಕ್ಷೆಯಲ್ಲಿ ಎಂಬುದನ್ನು ಮರೆಯಬಾರದು. ಹುಟ್ಟಿನಿಂದ ಬರುವ ಆ ಪಾಲು ಹೆಣ್ಣಿಗೆ ಇರಲಿಲ್ಲ.

ಪ್ರಾಯಶ್ಚಿತ್ತದ ಭಾಗದಲ್ಲಿ ಇದೇ ಶಾಸ್ತ್ರ ಬೇರೆ ಮುಖವನ್ನು ತೋರುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯು ಗರ್ಭಪಾತವನ್ನು ಹೆಣ್ಣನ್ನು ವಿಶೇಷವಾಗಿ ಪತಿತಳನ್ನಾಗಿ ಮಾಡುವ ಕೃತ್ಯಗಳಲ್ಲಿ ಎಣಿಸುತ್ತದೆ. 'ಅವಿಜ್ಞಾತ' ಗರ್ಭವನ್ನು, ಎಂದರೆ ಗಂಡೋ ಹೆಣ್ಣೋ ತಿಳಿಯದ ಗರ್ಭವನ್ನು ಕೊಂದವನಿಗೆ ಮನುಸ್ಮೃತಿಯು ಬ್ರಹ್ಮಹತ್ಯೆಯ ಪ್ರಾಯಶ್ಚಿತ್ತವನ್ನೇ ಹೇಳುತ್ತದೆ. ಗಂಡಾಗಿದ್ದಿರಬಹುದು ಎಂಬ ಶಂಕೆಯೇ ಇಲ್ಲಿ ಗರ್ಭದ ಬೆಲೆಯನ್ನು ಹೆಚ್ಚಿಸಿದೆ. ಈ 'ಅವಿಜ್ಞಾತ' ಎಂಬ ಶಬ್ದಕ್ಕೆ ಇಪ್ಪತ್ತನೆಯ ಶತಮಾನದ ಕೊನೆಗೆ ಒದಗಿದ ಗತಿಯನ್ನು ಮುಂದೆ ನೋಡಬಹುದು. ಇನ್ನೊಂದು ವಿಧಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಪತಿತನಾದವನಿಗಾಗಿ ಬಂಧುಗಳು ಊರ ಹೊರಗೆ ನೀರಿನ ಕೊಡವನ್ನು ಒಯ್ಯಿಸಿ, ಅವನನ್ನು ಎಲ್ಲ ಕಾರ್ಯಗಳಿಂದ ಹೊರಗಿಡಬೇಕೆಂದು ಹೇಳುವ ಯಾಜ್ಞವಲ್ಕ್ಯನು, ಪತಿತೆಯಾದ ಹೆಣ್ಣಿಗೂ ಅದೇ ವಿಧಿಯೆಂದು ಹೇಳಿ, ಕೂಡಲೇ ಒಂದು ಮಾತನ್ನು ಸೇರಿಸುತ್ತಾನೆ: ಆಕೆಗೆ ಮನೆಯ ಸಮೀಪದಲ್ಲಿ ನೆಲೆ, ಅನ್ನ, ಬಟ್ಟೆ ಮತ್ತು ರಕ್ಷಣೆಯನ್ನು ಕೊಡಬೇಕು. ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯಲ್ಲಿ, ಅದನ್ನು ಆಧರಿಸಿ 1977ರಲ್ಲಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಚಲನಚಿತ್ರದಲ್ಲಿ, ಬಸಿರಾದ ವಿಧವೆಗೆ ಬದುಕಿರುವಾಗಲೇ ಶ್ರಾದ್ಧವಾಗುತ್ತದೆ. ಶಾಸ್ತ್ರದ ಮೊದಲರ್ಧವನ್ನು ಸಮಾಜ ನೆನಪಿನಲ್ಲಿಟ್ಟುಕೊಂಡಿತು, ಉಳಿದರ್ಧವನ್ನು ಮರೆಯಿತು.

ಜನಪದರ ನೆಲೆ ಇದಕ್ಕಿಂತ ಭಿನ್ನ. ಇಲ್ಲಿ ಶಿಶುವಿನ ಇರವು ಮೊದಲು ತಿಳಿದುಬರುವುದು ಬಯಕೆಯ ರೂಪದಲ್ಲಿ. ಬಸುರಿಯು ಹುಳಿ ಕೇಳುವುದು, ಮಣ್ಣು ತಿನ್ನುವುದು, ತವರಿನ ಊಟ ನೆನೆಯುವುದು ಇವೆಲ್ಲ ಹೊಟ್ಟೆಯೊಳಗಿನ ಕೂಸಿನ ಬೇಡಿಕೆಗಳೆಂದೇ ಭಾವನೆ. ಗರತಿಯ ಹಾಡುಗಳಲ್ಲಿ ಬಯಕೆಯದೇ ಒಂದು ದೊಡ್ಡ ವರ್ಗವಿದೆ. ಬಯಕೆ ತೀರಿಸದಿದ್ದರೆ ಕೂಸಿಗೆ ಊನವಾಗುತ್ತದೆ ಎಂಬ ನಂಬಿಕೆ ಹಳ್ಳಿಯ ಮುದುಕಿಯರ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಬಯಕೆಯನ್ನು ಈಡೇರಿಸದಿದ್ದರೆ ಗರ್ಭಕ್ಕೆ ವಿರೂಪ ಅಥವಾ ಮರಣ ಒದಗೀತು, ಆದ್ದರಿಂದ ಹೆಣ್ಣಿಗೆ ಪ್ರಿಯವಾದುದನ್ನು ಮಾಡಬೇಕೆಂದು ಯಾಜ್ಞವಲ್ಕ್ಯ ಸ್ಮೃತಿಯೂ ಹೇಳುತ್ತದೆ. ಹಾಡು ಶಾಸ್ತ್ರದಿಂದ ಇದನ್ನು ಪಡೆಯಿತೋ, ಶಾಸ್ತ್ರ ಹಾಡಿನಿಂದ ಪಡೆಯಿತೋ ಎಂಬ ಜಿಜ್ಞಾಸೆ ಇಲ್ಲಿ ಮುಖ್ಯವಲ್ಲ. ಗರ್ಭದ ಹಿತ ಮತ್ತು ಹೆಣ್ಣಿನ ಇಷ್ಟ ಒಂದೇ ಎಂದು ಎರಡೂ ತಿಳಿದಿದ್ದವು ಎಂಬುದು ಗಮನಾರ್ಹ. ಕುಬಸದಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ತವರಿನವರು ಬುತ್ತಿ ತಂದು ಉಣಿಸುವಾಗ ಕೂಸಿಗೆ ಪ್ರತ್ಯೇಕವಾದ ಯಾವ ಕ್ರಿಯೆಯೂ ಇರುವುದಿಲ್ಲ. ತಾಯಿ ಉಂಡದ್ದೇ ಅದರ ಊಟ.

ಇನ್ನೂ ಒಂದು ಸಂಗತಿಯಿದೆ. ಕೂಸಿನ ಹಣೆಬರಹವನ್ನು ಶೆಟವಿ ಬರೆಯುವುದು ಹುಟ್ಟಿದ ಐದನೆಯ ಅಥವಾ ಆರನೆಯ ರಾತ್ರಿ. ಅಲ್ಲಿಯವರೆಗೆ ಅದಕ್ಕೆ ಬಯಕೆಯುಂಟು, ಬರಹವಿಲ್ಲ, ಹೆಸರೂ ಇಲ್ಲ. ಅರಮನೆಯಲ್ಲಿಯೂ ಭವಿಷ್ಯ ಜನನದಿಂದಲೇ ಆರಂಭವಾಗುತ್ತಿತ್ತು. ಸುರಪುರದ ರಾಜಾ ವೆಂಕಟಪ್ಪನಾಯಕನು ಇಪ್ಪತ್ತನಾಲ್ಕು ತುಂಬುವುದರೊಳಗೆ ತೀರಿಕೊಳ್ಳುವನೆಂದು ನುಡಿದದ್ದು ಹುಟ್ಟಿದಾಗ ಬರೆಸಿದ ಜಾತಕವೆಂದು ಅಲ್ಲಿ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ.

ಇದಕ್ಕೆ ತದ್ವಿರುದ್ಧವಾಗಿ ತೋರುವುದು ವೀರಶೈವ-ಲಿಂಗಾಯತ ಸಂಪ್ರದಾಯದ ಗರ್ಭಲಿಂಗಧಾರಣೆ. ಎಂಟನೆಯ ತಿಂಗಳಲ್ಲಿ ಗುರುವು ಬಸುರಿಗೆ, ಆಕೆಯ ಸ್ವಂತದ ಲಿಂಗವಲ್ಲದೆ, ಗರ್ಭದಲ್ಲಿರುವ ಶಿಶುವಿನ ಹೆಸರಿನಲ್ಲಿ ಮತ್ತೊಂದು ಲಿಂಗವನ್ನು ಕಟ್ಟುತ್ತಾನೆ. ಹುಟ್ಟುವ ಮೊದಲೇ ಶಿಶು ಭಕ್ತನಾಗುತ್ತದೆ. ಗರ್ಭಸ್ಥ ಜೀವಕ್ಕೆ ಇಷ್ಟು ಸ್ಪಷ್ಟವಾದ ಧಾರ್ಮಿಕ ಸ್ಥಾನವನ್ನು ಕೊಟ್ಟ ಸಂಪ್ರದಾಯಗಳು ವಿರಳ. ಆದರೂ ಲಿಂಗವನ್ನು ಧರಿಸುವುದು ತಾಯಿಯ ದೇಹ. ಗಂಡುಹೆಣ್ಣೆಂಬ ವಿಚಾರಣೆ ಈ ದೀಕ್ಷೆಯಲ್ಲಿ ಇಲ್ಲ. ದೇಹದೊಳಗೆ ಸುಳಿವ ಆತ್ಮ ಗಂಡೂ ಅಲ್ಲ, ಹೆಣ್ಣೂ ಅಲ್ಲವೆಂಬ ವಿಚಾರವನ್ನು ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನು ಬಸವಣ್ಣನವರಿಗಿಂತ ಮೊದಲೇ ವಚನದಲ್ಲಿ ಮಂಡಿಸಿದ್ದನೆಂಬುದನ್ನು ಇಲ್ಲಿ ನೆನೆಯಬಹುದು.

ಹಾಗಾದರೆ ಈ ಸೀಮೆಯಲ್ಲಿ ಗರ್ಭವನ್ನು ತೆಗೆಸುವ ಒತ್ತಡ ಯಾರ ಮೇಲೆ ಬೀಳುತ್ತಿತ್ತು? ಬೇಡರಲ್ಲಿ ಮತ್ತು ಇತರ ಅನೇಕ ಸಮುದಾಯಗಳಲ್ಲಿ ವಿಧವೆಗೆ ಉಡಿಕೆಯ ಅವಕಾಶವಿತ್ತು. ಬಸವಿ ಬಿಟ್ಟ ಹೆಣ್ಣಿನ ಮಗು ಆಕೆಯ ತಂದೆಯ ಮನೆತನಕ್ಕೆ ಸೇರುತ್ತಿತ್ತು. ತಂದೆಯ ಹೆಸರಿಲ್ಲದ ಬಸಿರೆಂಬ ಒಂದೇ ಕಾರಣಕ್ಕೆ ಇಲ್ಲಿ ಗರ್ಭ ಕೊಲೆಯಾಗಬೇಕಿರಲಿಲ್ಲ. ಇದನ್ನು ಹೊಗಳುವುದು ಸಲ್ಲದು. ಬಸವಿಯ ಬದುಕಿನ ಶೋಷಣೆಯನ್ನು ತಡೆಯಲು 1982ರಲ್ಲಿ ದೇವದಾಸಿ ಸಮರ್ಪಣ ನಿಷೇಧ ಕಾಯಿದೆಯೇ ಬರಬೇಕಾಯಿತು. ಆದರೆ ಮರುಮದುವೆಯಿಲ್ಲದ ಮೇಲುಜಾತಿಯ ವಿಧವೆಗೆ ಇಂತಹ ಯಾವ ದಾರಿಯೂ ಇರಲಿಲ್ಲ. 1863ರಲ್ಲಿ ಪುಣೆಯಲ್ಲಿ ಫುಲೆ ದಂಪತಿಗಳು ಅಂತಹ ವಿಧವೆಯರ ಹೆರಿಗೆಗಾಗಿ ಶಿಶುಹತ್ಯಾ ಪ್ರತಿಬಂಧಕ ಗೃಹವನ್ನು ತೆರೆದದ್ದು ಈ ಕಾರಣದಿಂದಲೇ. ಭ್ರೂಣಹತ್ಯೆ ಮಹಾಪಾಪವೆಂದು ಸಾರಿದ ವರ್ಗದಲ್ಲಿಯೇ ಅದು ಅನಿವಾರ್ಯವಾಗಿ ಮಾಡಲ್ಪಡುತ್ತಿತ್ತು.

ತಾಯಿ ಮತ್ತು ಗರ್ಭವನ್ನು ಎದುರುಬದುರಾಗಿ ನಿಲ್ಲಿಸಿದ್ದು ಆಧುನಿಕ ದಂಡಶಾಸನ. 1860ರ ಭಾರತೀಯ ದಂಡಸಂಹಿತೆಯ 312ನೆಯ ಕಲಮು ತಾಯಿಯ ಪ್ರಾಣರಕ್ಷಣೆಯ ಹೊರತು ಗರ್ಭಪಾತ ಮಾಡಿಸಿದವರಿಗೆ ಮೂರು ವರ್ಷದವರೆಗೆ, ಹೊಟ್ಟೆಯಲ್ಲಿ ಕೂಸು ಮಿಸುಕತೊಡಗಿದ ಮೇಲಾದರೆ ಏಳು ವರ್ಷದವರೆಗೆ ಶಿಕ್ಷೆ ವಿಧಿಸಿತು. ತಾನೇ ತೆಗೆಸಿಕೊಂಡ ಹೆಣ್ಣೂ ಅಪರಾಧಿಯೇ. ಅದೇ 1860ರಲ್ಲಿ ಸುರಪುರ ನಿಜಾಮನಿಗೆ ಸೇರಿದ್ದರಿಂದ, ತನ್ನದೇ ದಂಡಸಂಹಿತೆಯನ್ನು ಹೊಂದಿದ್ದ ಹೈದರಾಬಾದ್ ಸಂಸ್ಥಾನದ ಈ ಊರುಗಳಿಗೆ ಆ ಕಾನೂನು ಬಂದದ್ದು 1951ರಲ್ಲಿ. ಶಾಂತಿಲಾಲ್ ಷಾ ಸಮಿತಿಯ 1966ರ ವರದಿಯನ್ನು ಅನುಸರಿಸಿ ರೂಪುಗೊಂಡ ವೈದ್ಯಕೀಯ ಗರ್ಭಪಾತ ಕಾಯಿದೆ 1972ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದು ಹೆಣ್ಣಿಗೆ ಹಕ್ಕನ್ನು ಕೊಡಲಿಲ್ಲ. ವೈದ್ಯರ ಅಭಿಪ್ರಾಯಕ್ಕೆ ರಕ್ಷಣೆ ಕೊಟ್ಟಿತು. ಗರ್ಭನಿರೋಧಕ ವಿಫಲವಾದರೆ ಎಂಬ ಕಾರಣ ವಿವಾಹಿತೆಗೆ ಮಾತ್ರ ಅನ್ವಯಿಸುತ್ತಿತ್ತು. 'ವಿವಾಹಿತ' ಎಂಬ ಆ ಶಬ್ದ ಕಾಯಿದೆಯಿಂದ ಬಿಟ್ಟುಹೋದದ್ದು 2021ರ ತಿದ್ದುಪಡಿಯಲ್ಲಿ. ದಂಡಸಂಹಿತೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 88ನೆಯ ಕಲಮಿನಲ್ಲಿಯೂ ಮಿಸುಕುವ ಕೂಸಿನ ಹಳೆಯ ಭೇದ ಉಳಿದಿದೆ.

ಗರ್ಭಕ್ಕೆ ತಾಯಿಯಷ್ಟೇ ಸಮಾನವಾದ ಹಕ್ಕನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಕನ್ನಡದ ಮನೆಯೊಂದು ದೂರದ ಐರ್ಲೆಂಡಿನಲ್ಲಿ ಅನುಭವಿಸಿತು. ಅಲ್ಲಿಯ ಸಂವಿಧಾನದ 1983ರ ತಿದ್ದುಪಡಿ ಅಂತಹ ಸಮಾನತೆಯನ್ನು ಘೋಷಿಸಿತ್ತು. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರಿಗೆ ಹದಿನೇಳನೆಯ ವಾರದಲ್ಲಿ ಗರ್ಭಸ್ರಾವ ಆರಂಭವಾಗಿ, ಶಿಶು ಉಳಿಯದೆಂದು ಖಚಿತವಾದ ಮೇಲೂ ಅದರ ಎದೆಬಡಿತವಿದೆ ಎಂಬ ಕಾರಣಕ್ಕೆ ಗರ್ಭವನ್ನು ತೆಗೆಯಲಿಲ್ಲ. ಸೋಂಕು ರಕ್ತಕ್ಕೇರಿ ಅವರು 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಎಂಟನೆಯ ತಿಂಗಳಲ್ಲಿ ಶಿಶುವಿಗೆ ಲಿಂಗ ಕಟ್ಟುವ ಲಿಂಗಾಯತ ಸಮುದಾಯದ ಮಗಳು ಅವರು. ಗರ್ಭವನ್ನು ಗೌರವಿಸುವುದನ್ನು ಅವರಿಗೆ ಹೊರಗಿನವರು ಕಲಿಸಬೇಕಿರಲಿಲ್ಲ. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡ್ ಆ ತಿದ್ದುಪಡಿಯನ್ನು ರದ್ದುಪಡಿಸಿತು.

ಕರ್ನಾಟಕದಲ್ಲಿ ಪ್ರಶ್ನೆ ಬೇರೆ ದಿಕ್ಕಿನಿಂದ ಬಂದಿತು. ಸ್ಕ್ಯಾನಿಂಗ್ ಯಂತ್ರದೊಂದಿಗೆ 'ಅವಿಜ್ಞಾತ' ಗರ್ಭವೆಂಬುದೇ ಇಲ್ಲದಾಯಿತು. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈ 30ರಂದು. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದೂ ಅದೇ ವರ್ಷ. ಮಿತಾಕ್ಷರದ ಪಾಲು ಹೆಣ್ಣಿಗೂ ಸಿಕ್ಕ ವರ್ಷದಲ್ಲಿಯೇ ಆಕೆ ಹೆಣ್ಣೆಂದು ಹೇಳುವುದು ಅಪರಾಧವಾಗಬೇಕಾಯಿತು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬೆಳಕಿಗೆ ಬಂದಿತು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 989 ಹೆಂಗಸರಿದ್ದರು, ರಾಜ್ಯದ ಸರಾಸರಿ 973. ಸಾಕ್ಷರತೆಯಲ್ಲಿ (ಶೇ. 51.83) ರಾಜ್ಯದಲ್ಲಿಯೇ ಕೊನೆಯ ಸ್ಥಾನದ ಜಿಲ್ಲೆ ಇದು. ಓದುಬರಹ ಹೆಚ್ಚಿದರೆ ಭ್ರೂಣಹತ್ಯೆ ತಾನೇ ನಿಲ್ಲುತ್ತದೆ ಎಂದು ನಂಬುವವರು ಈ ಅಂಕಿಗಳನ್ನು ಒಟ್ಟಿಗೆ ಓದಬೇಕು.

ಈ ಮೂರು ಊರುಗಳ ಪರಿಸರದಲ್ಲಿ ಪ್ರಶ್ನೆ ಇಂದು ಹೆಚ್ಚು ತೀಕ್ಷ್ಣವಾಗಿರುವುದು ಬಾಲ್ಯವಿವಾಹದ ಸಂದರ್ಭದಲ್ಲಿ. ಬಾಲ್ಯವಿವಾಹವು ಆರಂಭದಿಂದಲೇ ಅನೂರ್ಜಿತವೆಂದು ಕರ್ನಾಟಕದ ಶಾಸನ ಹೇಳುತ್ತದೆ. 2012ರ ಪೋಕ್ಸೋ ಕಾಯಿದೆಯು ಹದಿನೆಂಟರೊಳಗಿನ ಬಸುರಿಯನ್ನು ಮಗುವೆಂದೇ ಪರಿಗಣಿಸಿ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ಗಂಡ ಜೈಲಿಗೆ ಹೋಗುವನೆಂಬ ಭಯದಿಂದ ಆಸ್ಪತ್ರೆಯ ಮೆಟ್ಟಿಲು ಹತ್ತದೆ ಮನೆಮದ್ದಿಗೆ ಮೊರೆಹೋಗುವ ಅಪಾಯ ಇಲ್ಲಿಂದಲೇ ಹುಟ್ಟುತ್ತದೆ. 2022ರ ಸೆಪ್ಟೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯವು ಗರ್ಭಪಾತಕ್ಕಾಗಿ ಬಂದ ಅಪ್ರಾಪ್ತೆಯ ಹೆಸರನ್ನು ವೈದ್ಯರು ಪೊಲೀಸರಿಗೆ ಬಹಿರಂಗಪಡಿಸಬೇಕಿಲ್ಲವೆಂದು ತೀರ್ಪಿತ್ತಿದೆ. ಆ ತೀರ್ಪಿನ ಸುದ್ದಿ ಕುಬಸದ ಹಸಿರು ಸೀರೆ ಉಟ್ಟು ಕೂತ ಹದಿನಾರರ ಹುಡುಗಿಗೆ ಯಾರ ಬಾಯಿಂದ ತಲುಪಬೇಕು ಎಂಬುದನ್ನು ಯಾವ ಕಲಮೂ ಹೇಳಿಲ್ಲ.