ಟಿ. ಎನ್. ಬಾಲಕೃಷ್ಣ

ಟಿ. ಎನ್. ಬಾಲಕೃಷ್ಣ ಕನ್ನಡ ಚಿತ್ರರಂಗದ ಹಿರಿಯ ಪೋಷಕ ನಟ. ಬೆಂಗಳೂರಿನ ಅಭಿಮಾನ್ ಸ್ಟುಡಿಯೊದ ಸ್ಥಾಪಕ. 20ನೇ ಶತಮಾನದ ಎರಡನೇ ದಶಕದಲ್ಲಿ ಅರಸೀಕೆರೆಯಲ್ಲಿ ಹುಟ್ಟಿದರು. ಬಾಲ್ಯ ಕಡುಬಡತನದಲ್ಲಿ ಕಳೆಯಿತು. ವೃತ್ತಿ ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದ ಮೂಲಕ ಸಿನಿಮಾಕ್ಕೆ ಬಂದರು. ಮುಂದೆ ನಿರ್ದೇಶಕರಾಗಿ ಹೆಸರಾದ ಜಿ. ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ.

ಬಾಲಕೃಷ್ಣರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆ ನೋಡಿಯೇ ಮಾತನ್ನು ಗ್ರಹಿಸುತ್ತಿದ್ದರು. ಎದುರು ಪಾತ್ರದ ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಣ್ಣಿನಿಂದಲೇ ಹಿಡಿಯಬೇಕಿದ್ದ ಈ ನಟನ ಸಂಭಾಷಣೆ ಮಾತ್ರ ಎಲ್ಲಿಯೂ ತಡವರಿಸದು. ಅಭಿನಯದ ಬಲವೂ ಕಣ್ಣಲ್ಲೇ ಇತ್ತು. ಓರೆನೋಟ, ಎಳೆದೆಳೆದು ಆಡುವ ಮಾತು, ನಗುತ್ತಲೇ ಸಂಚು ಹೂಡುವ ಮುಖ ಇವೆಲ್ಲ ಸೇರಿ, ಖಳನೂ ವಿದೂಷಕನೂ ಒಂದಾದ ಪಾತ್ರವೊಂದು ಕನ್ನಡಕ್ಕೆ ದಕ್ಕಿತು. ಕುರುಡ ಗಾಯಕನ ಕಥೆಯಾದ ‘ಕಣ್ತೆರೆದು ನೋಡು’ (1961) ಈ ಬಗೆಯ ಅಭಿನಯಕ್ಕೆ ನಿದರ್ಶನ. ‘ಬಂಗಾರದ ಮನುಷ್ಯ’ದ (1972) ರಾಚೂಟಪ್ಪ ಇದಕ್ಕೆ ತೀರ ಬೇರೆ: ಹಳ್ಳಿಗೆ ಬಂದ ನಾಯಕ ರಾಜೀವನ ಬೆನ್ನಿಗೆ ನಿಲ್ಲುವ ಹಿರಿಯ. ಎರಡನ್ನೂ ಒಬ್ಬನೇ ನಟ ನಂಬಿಸಿದ್ದು ಬಾಲಕೃಷ್ಣರ ನಿಜವಾದ ಹಿರಿಮೆ. ಅವರು ನಟಿಸಿದ ಚಿತ್ರಗಳು ಐನೂರಕ್ಕೂ ಹೆಚ್ಚು.

1950ರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೊಗಳಲ್ಲಿ ತಯಾರಾಗುತ್ತಿದ್ದವು. ಚಿತ್ರಗಳೇ ವಿರಳವಾಗಿ ಕಲಾವಿದರ ಕೈ ಖಾಲಿಯಾಗಿದ್ದ ಆ ದಶಕದ ಕೊನೆಯಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್ ಮತ್ತು ಬಾಲಕೃಷ್ಣ ಒಗ್ಗೂಡಿ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. ‘ರಣಧೀರ ಕಂಠೀರವ’ (1960) ಆ ಸಂಘಟನೆಯಿಂದ ಹುಟ್ಟಿದ ಚಿತ್ರ. ಮೈಸೂರಿನ ಅರಸನ ಕಥೆಯನ್ನು ಕನ್ನಡದ ನಟರೇ ಹಣ ಹೊಂದಿಸಿ ತೆರೆಗೆ ತಂದದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ.

ಕನ್ನಡ ಚಿತ್ರ ಕನ್ನಡ ನೆಲದಲ್ಲೇ ತಯಾರಾಗಬೇಕೆಂಬ ಹಂಬಲದಿಂದ ಬಾಲಕೃಷ್ಣ 1960ರ ದಶಕದಲ್ಲಿ ಕೆಂಗೇರಿಯ ಬಳಿ, ಸರ್ಕಾರ ನೀಡಿದ ಸುಮಾರು 20 ಎಕರೆ ಜಮೀನಿನಲ್ಲಿ ಅಭಿಮಾನ್ ಸ್ಟುಡಿಯೊ ಆರಂಭಿಸಿದರು. ದುಡಿದದ್ದನ್ನೆಲ್ಲ ಅದಕ್ಕೆ ಸುರಿದರೂ ಸ್ಟುಡಿಯೊ ಅವರೆಣಿಸಿದಷ್ಟು ಬೆಳೆಯಲಿಲ್ಲ, ಸಾಲ ಬೆಳೆಯಿತು. ಇಳಿವಯಸ್ಸಿನವರೆಗೂ ಬಣ್ಣ ಹಚ್ಚಿದ ಅವರು 1995ರ ಜುಲೈ 19ರಂದು ನಿಧನರಾದರು. 2009ರ ಡಿಸೆಂಬರ್‌ನಲ್ಲಿ ನಟ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಇದೇ ಸ್ಟುಡಿಯೊ ಆವರಣದಲ್ಲಿ ನಡೆಯಿತು. ಆ ಬಳಿಕ ಈ ಜಮೀನಿನ ವಿವಾದ ನ್ಯಾಯಾಲಯದ ಮೆಟ್ಟಿಲೇರಿತು.