ಅಮ್ಮನ ಹೊಲಿಗೆ ಬುಟ್ಟಿ

ಫ್ರಾನ್ಸಿಸ್ ಕ್ರಿಕ್ ಎಂದೊಡನೆ 1953ರ ಡಿಎನ್ಎ ಜೋಡಿಸುರುಳಿ ನೆನಪಾಗುತ್ತದೆ. ಅದಕ್ಕೂ ಮೊದಲು ಈತ ಕೋಳಿಮರಿಯ ಜೀವಕೋಶಗಳೊಳಗೆ ಕಾಂತದ ಕಣಗಳನ್ನು ಸೇರಿಸಿ, ಅವನ್ನು ತಿರುಗಿಸುತ್ತ, ಎಳೆಯುತ್ತ ಎರಡು ವರ್ಷ ಕುಳಿತಿದ್ದ. ನನಗೇನೋ ಆ ಕಥೆಯೇ ಹೆಚ್ಚು ಪ್ರಿಯ.

ಯುದ್ಧಕ್ಕೆ ಮೊದಲು ಲಂಡನ್ನಿನಲ್ಲಿ ಕ್ರಿಕ್‌ಗೆ ಒಪ್ಪಿಸಿದ್ದ ಸಂಶೋಧನೆ ಬಿಸಿನೀರಿನ ಸ್ನಿಗ್ಧತೆಯನ್ನು ಅಳೆಯುವುದು. ಅಂಥ ನೀರಸ ವಿಷಯ ಇನ್ನೊಂದಿಲ್ಲವೆಂದು ಆತನೇ ಮುಂದೆ ಬರೆದುಕೊಂಡಿದ್ದಾನೆ. ಜರ್ಮನರ ಬಾಂಬು ಆ ಉಪಕರಣವನ್ನು ಪುಡಿಮಾಡಿತು. ಆಮೇಲೆ ನೌಕಾಪಡೆಯಲ್ಲಿ ಕಾಂತೀಯ ಮೈನುಗಳ ಕೆಲಸ. ಹೀಗೆ ಸ್ನಿಗ್ಧತೆ, ಕಾಂತ ಎರಡೂ ಗೊತ್ತಿದ್ದವನು 1947ರಲ್ಲಿ ಕೇಂಬ್ರಿಜ್‌ನ ಸ್ಟ್ರೇಂಜ್‌ವೇಸ್ ಪ್ರಯೋಗಾಲಯಕ್ಕೆ ಬಂದ.

ಅಲ್ಲಿ ಕಾದಿದ್ದ ಪ್ರಶ್ನೆ ಹಳೆಯದು. ಕೋಶದೊಳಗಿನ ದ್ರವ್ಯ ಗಂಜಿಯಂತೆ ಹರಿಯುತ್ತದೆಯೋ, ಗಿಣ್ಣಿನಂತೆ ಅಲುಗಿ ನಿಲ್ಲುತ್ತದೆಯೋ? ಕೋಶವನ್ನು ಕೊಂದು, ಬಣ್ಣ ಹಾಕಿ ನೋಡಿದರೆ ಇದು ತಿಳಿಯದು. ಬೇಯಿಸಿದ ಮೊಟ್ಟೆಯನ್ನು ನೋಡಿ ಹಸಿ ಮೊಟ್ಟೆಯ ಲೋಳೆ ಹೇಗಿತ್ತೆಂದು ಹೇಳಿದಂತಾದೀತು. ಸೂಜಿ ಚುಚ್ಚಿದರೂ ಗಾಯವೇ. ಹೈಲ್‌ಬ್ರಾನ್ ಎಂಬ ಜರ್ಮನ್ ವಿಜ್ಞಾನಿ 1922ರಲ್ಲೇ ಲೋಳೆಶಿಲೀಂಧ್ರದೊಳಗಿನ ಕಬ್ಬಿಣದ ಕಣಗಳನ್ನು ಕಾಂತದಿಂದ ಆಡಿಸಿದ್ದ. ಕ್ರಿಕ್ ಮತ್ತು ಆರ್ಥರ್ ಹ್ಯೂಸ್ ಹಿಡಿದದ್ದು ಅದೇ ಹಾದಿ. ಗಾಜಿನ ಮೇಲೆ ಬೆಳೆಸಿದ ಕೋಶಗಳ ಮುಂದೆ ಕಣಗಳನ್ನು ಇಟ್ಟರು. ಕೋಶಗಳು ತಾವಾಗಿಯೇ ಅವನ್ನು ನುಂಗಿದವು. ಚುಚ್ಚುವ ಗೋಜೇ ಇಲ್ಲ!

ಕಾಂತವನ್ನು ಹೊರಗಿಟ್ಟು ಕಣವನ್ನು ತಿರುಚಿದರು, ಎಳೆದರು, ತಿವಿದರು. ಕಾಂತ ತೆಗೆದಾಗ ತಿರುಚಿದ ಕಣ ಒಂದಿಷ್ಟು ಹಿಂದಕ್ಕೆ ಮರಳುತ್ತಿತ್ತು, ಪೂರ್ತಿ ಮರಳುತ್ತಿರಲಿಲ್ಲ. ಬರೀ ನೀರಾಗಿದ್ದರೆ ಮರಳುವ ಪ್ರಶ್ನೆಯೇ ಇಲ್ಲ. ಬರೀ ರಬ್ಬರಾಗಿದ್ದರೆ ಮೊದಲಿನ ಜಾಗಕ್ಕೇ ಬರಬೇಕು. ಅಂದರೆ ಅಲ್ಲಿರುವುದು ಅದೂ ಹೌದು, ಇದೂ ಹೌದು.

1950ರ ಲೇಖನದಲ್ಲಿ ಅವರು ಕೋಶದೊಳಗಿಗೆ ಕೊಟ್ಟ ಹೋಲಿಕೆ ಅಮ್ಮನ ಹೊಲಿಗೆ ಬುಟ್ಟಿ: ಮಣಿ, ಗುಂಡಿ, ಗುಂಡುಸೂಜಿ, ದಾರ, ಎಲ್ಲ ಕಲಸಿಹೋದ ಬುಟ್ಟಿ. ತುಂಟತನದ ಮಾತೆನಿಸಬಹುದು. ಆದರೆ ಆ 'ದಾರ'ಗಳು ಮುಂದೆ ಕಣ್ಣಿಗೇ ಬಿದ್ದು ಆಕ್ಟಿನ್ ಎಳೆ, ಸೂಕ್ಷ್ಮನಾಳಿಕೆ ಎಂದು ಹೆಸರು ಪಡೆದವು.

ಲೇಖನ ಅಚ್ಚಾಗುವ ಮೊದಲೇ, 1949ರಲ್ಲಿ, ಕ್ರಿಕ್ ಕ್ಯಾವೆಂಡಿಶ್‌ಗೆ ಹೊರಟುಹೋಗಿದ್ದ. ಕೋಶದೊಳಗೆ ಕೈಯಾಡಿಸುವ ಕೆಲಸಕ್ಕೆ ಕಾಂತದ ಜೊತೆಗೆ ಬೆಳಕೂ ಬಂತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆರ್ಥರ್ ಆಶ್ಕಿನ್ ಕಟ್ಟಿದ ಲೇಸರ್ ಚಿಮಟಕ್ಕೆ 2018ರಲ್ಲಿ ನೊಬೆಲ್ ಸಿಕ್ಕಾಗ ಆತನಿಗೆ 96 ವರ್ಷ. ಆತನೂ ಡಿಜೆಡ್ಜಿಕ್ ಎಂಬ ಸಹೋದ್ಯೋಗಿಯೂ 1989ರಲ್ಲಿ ಅದೇ ಚಿಮಟವನ್ನು ಬದುಕಿರುವ ಸಸ್ಯಕೋಶದೊಳಗೆ ಇಳಿಸಿ, ಅಲ್ಲಿನ ದ್ರವ್ಯವನ್ನು ಉದ್ದನೆಯ ದಾರವಾಗಿ ಹಿರಿದು ತೋರಿಸಿದ್ದರು.