ಬೈಕ್ ದೊಡ್ಡದಾಯ್ತು, ದಾರಿ ಸಣ್ಣದಾಯ್ತು: ಮೈಸೂರಿನ ರೋಡ್‌ಕಿಂಗ್‌ನಿಂದ ಬೋರ್ ಘಾಟ್‌ವರೆಗೆ

ಗಣಪತಿ ಹಬ್ಬ ಹತ್ತಿರ ಬಂತು ಅಂದ್ರೆ ಡೊಂಬಿವಲಿ, ಠಾಣೆ, ಐರೋಳಿ ಕಡೆಯ ನಮ್ಮ ಹುಡುಗರಿಂದ ನನಗೆ ಬರೋ ಪ್ರಶ್ನೆ ಒಂದೇ: "ಅಣ್ಣಾ, ಟ್ರೈನ್ ಟಿಕೆಟ್ ವೇಟಿಂಗ್‌ನಲ್ಲಿದೆ, ಬಸ್ಸಿನವರು ಬಾಯಿಗೆ ಬಂದ ರೇಟ್ ಹೇಳ್ತಿದ್ದಾರೆ. ಬೈಕಲ್ಲೇ ಊರಿಗೆ ಹೊರಟುಬಿಡ್ಲಾ?" ಹೂಂ ಅನ್ನೋಕೆ ಮುಂಚೆ ಸ್ವಲ್ಪ ಇತಿಹಾಸ ಹೇಳ್ತೀನಿ. ಅರವತ್ತು ವರ್ಷದಲ್ಲಿ ನಮ್ಮ ಬೈಕ್ ದೊಡ್ಡದಾಗ್ತಾ ಬಂತು, ಆದರೆ ಅದಕ್ಕೆ ಬಿಟ್ಟುಕೊಟ್ಟ ದಾರಿ ಸಣ್ಣದಾಗ್ತಾ ಬಂತು. ಇದು ಗೊತ್ತಿಲ್ಲದೆ ಬೈಕ್ ಸಜ್ಜು ಮಾಡೋಕೆ ಹೋದ್ರೆ ದುಡ್ಡೂ ದಂಡ, ಬೆನ್ನೂ ದಂಡ.

ಶುರು ಆಗಿದ್ದು ಮೈಸೂರಲ್ಲಿ

ದೂರದ ಸವಾರಿಯ ಬೈಕ್ ಅಂದ್ರೆ ಎಲ್ಲರಿಗೂ ಮದ್ರಾಸಿನ ಬುಲೆಟ್ ನೆನಪಾಗುತ್ತೆ. ನಮ್ಮ ನೆಲದ ಕಥೆ ಬೇರೆ. ಫಾರೂಖ್ ಇರಾನಿಯವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಚೆಕ್ ದೇಶದ ಜಾವಾ ಬೈಕುಗಳನ್ನ ತಯಾರಿಸೋಕೆ ಶುರು ಮಾಡ್ತು. ಜಯಚಾಮರಾಜೇಂದ್ರ ಒಡೆಯರ್ ಅವರ ಪ್ರೋತ್ಸಾಹವೂ ಇತ್ತು. ಎಪ್ಪತ್ತರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು. 1978ರಲ್ಲಿ ಬಂದಿದ್ದೇ ರೋಡ್‌ಕಿಂಗ್: 250 ಸಿಸಿ, ಟೂ-ಸ್ಟ್ರೋಕ್, 16 ಅಶ್ವಶಕ್ತಿ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್.

ಅದೇ ಹೊತ್ತಿಗೆ ಹೊರಗಿನ ಪ್ರಪಂಚದಲ್ಲಿ "ಸ್ಪೋರ್ಟ್ ಟೂರರ್" ಅನ್ನೋ ಜಾತಿ ಹುಟ್ಟುತ್ತಾ ಇತ್ತು. 1976ರ ಬಿಎಂಡಬ್ಲ್ಯೂ ಆರ್100ಆರ್‌ಎಸ್‌ನ ಮೈಹೊದಿಕೆಯನ್ನ, ಅಂದ್ರೆ ಫೇರಿಂಗನ್ನ, ಇಟಲಿಯ ಪಿನಿನ್‌ಫರೀನಾದ ಗಾಳಿ ಸುರಂಗದಲ್ಲಿಟ್ಟು ರೂಪಿಸಿದ್ದರು. ವೇಗವಾಗೂ ಹೋಗಬೇಕು, ಎದೆಗೆ ಗಾಳಿ ಬಡಿದು ಸುಸ್ತೂ ಆಗಬಾರದು, ಇದಿಷ್ಟೇ ಅದರ ಲೆಕ್ಕ. ಆದರೆ ಆ ಲೆಕ್ಕ ಜರ್ಮನಿಯ ಹೆದ್ದಾರಿಗೆ ಹಾಕಿದ್ದು.

ರೋಡ್‌ಕಿಂಗ್‌ಗೆ ಫೇರಿಂಗ್ ಇರಲಿಲ್ಲ. ಅದಕ್ಕಿದ್ದ ಗುಣ ಇನ್ನೊಂದು: ಎಲ್ಲಿ ಬೇಕಾದರೂ ಬಿಚ್ಚಬಹುದಿತ್ತು. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಕಡ್ಡಿ. ಚೈನ್ ಪೂರ್ತಿ ಕವರ್ ಒಳಗೆ, ಹಾಗಾಗಿ ಧೂಳು, ಮಳೆ ಎರಡೂ ತಾಗಲ್ಲ. ಪೆಟ್ರೋಲಿಗೆ ಆಯಿಲನ್ನ ಅಳತೆ ಮಾಡಿ ಬೆರೆಸಬೇಕು. ಪ್ಲಗ್ ಒರೆಸಬೇಕು, ಪಾಯಿಂಟ್ ಸೆಟ್ ಮಾಡಬೇಕು, ಸೈಲೆನ್ಸರ್ ಒಳಗೆ ಕಟ್ಟಿದ ಮಸಿ ಕೆರೆಯಬೇಕು. ಇದೆಲ್ಲಾ ಬಾರದವನು ಊರು ಬಿಟ್ಟು ಹೊರಡ್ತಾನೇ ಇರಲಿಲ್ಲ. ಸವಾರ ಬೇರೆ, ಮೆಕ್ಯಾನಿಕ್ ಬೇರೆ ಅನ್ನೋ ಗೋಡೆ ಆಗ ಅಷ್ಟು ಎತ್ತರ ಇರಲಿಲ್ಲ.

"ಮರೆತುಬಿಡಿ" ಅನ್ನೋ ಕಾಲ

1985ರ ಆಸುಪಾಸಲ್ಲಿ ಜಪಾನಿ ಕಂಪನಿಗಳ ಜೊತೆಗಾರಿಕೆಯಲ್ಲಿ 100 ಸಿಸಿ ಬೈಕುಗಳು ಬಂದ್ವು. ಹೀರೋ ಹೋಂಡಾದವರ ಜಾಹೀರಾತೇ ಪೆಟ್ರೋಲ್ ತುಂಬಿಸಿ, ಮುಚ್ಚಿ, ಮರೆತುಬಿಡಿ ಅಂತಿತ್ತು. ಆಫೀಸಿಗೆ ಹೋಗೋರಿಗೆ ಇನ್ನೇನು ಬೇಕು? ಆ ಪೈಪೋಟಿ, ಕಾರ್ಖಾನೆಯ ಸಾಲ, ಕಾರ್ಮಿಕರ ತಗಾದೆ, ಬಿಗಿಯಾಗ್ತಾ ಹೋದ ಹೊಗೆ ನಿಯಮ ಎಲ್ಲಾ ಸೇರಿ 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು.

ಕಾರ್ಖಾನೆ ಸತ್ತರೂ ಬೈಕ್ ಸಾಯಲಿಲ್ಲ. ಬೆಂಗಳೂರು, ಮೈಸೂರಿನ ಗ್ಯಾರೇಜಿನವರು ಹಳೇ ಬೈಕಿನ ಸಾಮಾನನ್ನ ಇನ್ನೊಂದಕ್ಕೆ ಜೋಡಿಸಿ, ಸಿಗದಿದ್ದನ್ನ ಲೇತ್‌ನಲ್ಲಿ ಮಾಡಿಸಿ ಇವತ್ತಿಗೂ ಓಡಿಸ್ತಾ ಇದ್ದಾರೆ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಶೋರೂಮಿಗೆ ಬರೋವರೆಗೂ, ಇಪ್ಪತ್ತೈದು ವರ್ಷ, ಆ ಹೆಸರನ್ನ ರಸ್ತೆ ಮೇಲೆ ಉಳಿಸಿದ್ದು ಇವರ ಕೈ ಕೆಲಸ.

ರಸ್ತೆ ಅಗಲ ಆಯ್ತು, ಬೋರ್ಡೂ ಬಂತು

ನಮ್ಮ ದೇಶಕ್ಕೆ ಸ್ಪೋರ್ಟ್ ಟೂರಿಂಗ್ ಜನಸಾಮಾನ್ಯರ ಬೆಲೆಯಲ್ಲಿ ಬಂದಿದ್ದು 2003ರ ಕರಿಜ್ಮಾದಿಂದ ಅಂತ ನಾನು ಹೇಳ್ತೀನಿ: 223 ಸಿಸಿ, 17 ಅಶ್ವಶಕ್ತಿ, ಅರ್ಧ ಫೇರಿಂಗ್. ಸುವರ್ಣ ಚತುಷ್ಪಥ ಯೋಜನೆಯಲ್ಲಿ ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ರಸ್ತೆ ನಾಲ್ಕು ಪಥ ಆಗ್ತಿದ್ದ ಕಾಲ ಅದು. ಐಟಿ ಸಂಬಳವೂ ಅದೇ ಕಾಲಕ್ಕೆ ಬಂತು. ಮೂರೂ ಒಟ್ಟಿಗೆ ಬಂದಿದ್ದರಿಂದಲೇ ವೀಕೆಂಡ್ ರೈಡ್ ಅನ್ನೋದು ಹುಟ್ಟಿತು. 2011ರಲ್ಲಿ ಹೋಂಡಾ ಸಿಬಿಆರ್250ಆರ್ ಬಂತು: ನೀರಿನಿಂದ ತಂಪಾಗೋ ಇಂಜಿನ್, ಫ್ಯೂಯಲ್ ಇಂಜೆಕ್ಷನ್, ಬೇಕಿದ್ರೆ ಎಬಿಎಸ್. 2017ರ ಕೊನೆಗೆ ಗಡಿಯಾಚೆಯ ಹೊಸೂರಿನಿಂದ ಟಿವಿಎಸ್ ಅಪಾಚೆ ಆರ್‌ಆರ್310 ಬಂತು.

ಈಗ ದಾರಿಯ ಕಡೆ ನೋಡಿ. 2002ರಲ್ಲಿ ಪೂರ್ತಿಯಾದ, 94.5 ಕಿ.ಮೀ. ಉದ್ದದ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ದೇಶದ ಮೊದಲ ಆರು ಪಥದ ಎಕ್ಸ್‌ಪ್ರೆಸ್‌ವೇ. ಅಲ್ಲಿ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲ. 2024ರ ಜನವರಿಯಲ್ಲಿ ತೆರೆದ, ಶಿವಡಿಯಿಂದ ನ್ಹಾವಾ ಶೇವಾಕ್ಕೆ ಬರೋ 21.8 ಕಿ.ಮೀ. ಅಟಲ್ ಸೇತುವಿನಲ್ಲೂ ಇಲ್ಲ. ಇನ್ನು 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲೂ ಇಲ್ಲ. ರೋಡ್‌ಕಿಂಗ್ ಹುಟ್ಟಿದ ಊರಿಗೇ ರೋಡ್‌ಕಿಂಗ್ ಸರ್ವಿಸ್ ರೋಡಲ್ಲಿ ಹೋಗಬೇಕು!

ಕಾರಣ ಸುಳ್ಳಲ್ಲ. ನೂರರ ಮೇಲೆ ಓಡೋ ಕಾರಿನ ಮಧ್ಯೆ ಐವತ್ತರಲ್ಲಿ ಹೋಗೋ ಬೈಕ್ ಇದ್ರೆ ಜೀವ ಹೋಗುತ್ತೆ, ಹೋಗಿದೆ. ಆದರೆ ಹೊಸ ರಸ್ತೆಗೆ ಬರಬೇಡಿ ಅಂದಮೇಲೆ ಹಳೇ ರಸ್ತೆಯನ್ನ ನೆಟ್ಟಗೆ ಇಡೋ ಹೊಣೆಯೂ ಇರಬೇಕಲ್ವಾ? ಸರ್ವಿಸ್ ರೋಡಿನ ಗುಂಡಿ, ಎದುರಿಂದ ಬರೋ ಟ್ರ್ಯಾಕ್ಟರ್, ದೀಪ ಇಲ್ಲದ ತಿರುವು, ಇವೂ ಜೀವ ತೆಗೀತವೆ. ಯಾವ ರಸ್ತೆ ಉದ್ಘಾಟನೆಯ ಭಾಷಣದಲ್ಲೂ ಈ ಮಾತು ಬರಲ್ಲ.

ಹಾಗಾದ್ರೆ ನಮ್ಮ ಪಾಲಿಗೆ ಉಳಿದ ದಾರಿ?

ಬೋರ್ ಘಾಟ್. 1830ರಲ್ಲಿ ಗವರ್ನರ್ ಜಾನ್ ಮಾಲ್ಕಂ ಕಾಲದಲ್ಲಿ ಗಾಡಿಗಳಿಗೆ ತೆರೆದ ಘಾಟಿ ರಸ್ತೆ. ಅದೇ ಕಾಲದ ಅಮೃತಾಂಜನ್ ಸೇತುವೆಯನ್ನ 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಲ್ಲಿ, ಕೆಡವಿದರು. ಡೊಂಬಿವಲಿ, ಕಲ್ಯಾಣದವರು ಶಿಳ್‌ಫಾಟಾ, ಕಳಂಬೋಲಿ, ಪನ್ವೇಲ್ ದಾಟಿ, ಖೋಪೋಲಿಯ ಹಳೇ ಹೆದ್ದಾರಿಯಲ್ಲಿ ಹತ್ತಿ ಲೋಣಾವಳಕ್ಕೆ ಬರಬೇಕು. ಘಾಟಿಯಲ್ಲಿ ಹಳೇ ರಸ್ತೆ ಎಕ್ಸ್‌ಪ್ರೆಸ್‌ವೇಗೆ ತಾಗೋ ಕಡೆ ಬೋರ್ಡ್ ನೋಡಿಕೊಂಡೇ ತಿರುಗಿ. ಕಲಬುರಗಿ ಕಡೆಯವರು ಪುಣೆಯಿಂದ ಸೊಲ್ಲಾಪುರಕ್ಕೆ, ಬೆಳಗಾವಿ, ಹುಬ್ಬಳ್ಳಿಯವರು ಸಾತಾರಾ, ಕಾಗಲ್, ನಿಪ್ಪಾಣಿಗೆ. ಕರಾವಳಿಯವರಿಗೆ ಮಹಾಡ್, ಚಿಪ್ಳೂಣ್ ಮೇಲೆ ಹೋಗೋ 66ನೇ ಹೆದ್ದಾರಿ. 2016ರ ಆಗಸ್ಟ್‌ನಲ್ಲಿ ಮಹಾಡ್ ಹತ್ರ ಸಾವಿತ್ರಿ ನದಿಯ ಹಳೇ ಸೇತುವೆ ರಾತ್ರಿ ಪ್ರವಾಹದಲ್ಲಿ ಕೊಚ್ಚಿಹೋಗಿದ್ದು ಇದೇ ದಾರಿಯಲ್ಲಿ. ಮಳೆಗಾಲದ ರಾತ್ರಿ ಅಲ್ಲಿ ಬೈಕ್ ಬೇಡವೇ ಬೇಡ.

ಬೈಕ್ ಸಜ್ಜು ಮಾಡೋದು ಈ ದಾರಿಗೆ. ಬ್ರೋಷರ್‌ನಲ್ಲಿರೋ ದಾರಿಗಲ್ಲ.

ನನ್ನದು ಸೆಕೆಂಡ್ ಹ್ಯಾಂಡ್ ಸಿಬಿಆರ್250ಆರ್, ಎಂಎಚ್ 05 ನಂಬರ್. 2020ರ ಬಿಎಸ್6 ನಿಯಮ ಬಂದಾಗ ಈ ಮಾಡೆಲ್ ನಿಂತುಹೋಯ್ತು. ಅಂದ್ರೆ ನಾನೂ ಈಗ ಯೆಜ್ಡಿಯವರ ಸಾಲಿನಲ್ಲೇ ನಿಂತಿದ್ದೀನಿ. ಅದಕ್ಕೇ ಬ್ರೇಕ್ ಪ್ಯಾಡ್, ಕ್ಲಚ್ ಕೇಬಲ್, ಆಯಿಲ್ ಫಿಲ್ಟರ್ ಒಂದೊಂದು ಜೊತೆ ಮನೇಲಿರುತ್ತೆ. ಕಲ್ಯಾಣ್-ಶಿಳ್ ರಸ್ತೆಯ ಜಾಮ್‌ನಲ್ಲಿ ಮೊದಲ ಗೇರಲ್ಲೇ ತೆವಳೋದ್ರಿಂದ ಮೊದಲು ಸವೆಯೋದು ಕ್ಲಚ್, ಮೊದಲು ಕಾಯೋದು ರೇಡಿಯೇಟರ್. ಹೊರಡೋ ಮುಂಚೆ ಕೂಲೆಂಟ್ ಮಟ್ಟ ನೋಡಿ, ಫ್ಯಾನ್ ತಿರುಗುತ್ತಾ ಅಂತ ನಿಂತಲ್ಲೇ ಖಾತ್ರಿ ಮಾಡಿಕೊಳ್ಳಿ. ನಮ್ಮ ಚೈನಿಗೆ ರೋಡ್‌ಕಿಂಗ್ ಥರ ಪೂರ್ತಿ ಕವರ್ ಇಲ್ಲ. ಕೊಂಕಣದ ಮಳೆಯಲ್ಲಿ ಪ್ರತಿ ಸವಾರಿ ಆದಮೇಲೆ ಒರೆಸಿ, ಲ್ಯೂಬ್ ಹಾಕಿ.

ಬದಲಾವಣೆಯಲ್ಲಿ ಮೊದಲ ಖರ್ಚು ಹ್ಯಾಂಡಲ್ ಎತ್ತರಿಸೋದು. ಮುಂದಕ್ಕೆ ಬಾಗಿ ಕೂರೋ ಭಂಗಿ ಓಪನ್ ಹೈವೇಯಲ್ಲಿ ಸರಿ, ಜಾಮ್‌ನಲ್ಲಿ ಮಣಿಕಟ್ಟು ಮುರಿಯುತ್ತೆ. ಎರಡನೇದು ಎತ್ತರದ ಗಾಜು. ಮೂರನೇದು ಘಾಟಿಯ ಮಂಜಿಗೆ ಹಳದಿ ಬೆಳಕಿನ ದೀಪ, ರಿಲೇ ಮತ್ತು ಫ್ಯೂಸ್ ಸಮೇತ. ಮೂಲ ವೈರ್ ಕತ್ತರಿಸಿ ಸುತ್ತಿಕೊಡೋ ಕೆಲಸಕ್ಕೆ ಒಪ್ಪಬೇಡಿ. ಭಾರದ ಸಾಮಾನು ಸೀಟಿನ ಎರಡೂ ಪಕ್ಕದ ಬ್ಯಾಗಿಗೆ, ಕೆಳಗೆ. ಹಿಂದಿನ ಡಬ್ಬಿಗೆ ರೇನ್‌ಕೋಟ್ ಮಾತ್ರ. ಸೈಲೆನ್ಸರ್, ಚಾಸಿ ಮುಟ್ಟಬೇಡಿ. ಕಂಪನಿಯ ಮೂಲ ವಿನ್ಯಾಸ ಬದಲಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ.

ಇಷ್ಟು ಮಾಡಿದ್ರೆ ಊರಿಗೆ ಬೈಕಲ್ಲಿ ಹೋಗಬಹುದಾ? ಹೋಗಬಹುದು, ಎರಡು ದಿನದಲ್ಲಿ. ಡೊಂಬಿವಲಿಯಿಂದ ಬೆಂಗಳೂರು ಸಾವಿರ ಕಿ.ಮೀ. ಹತ್ತಿರ, ಒಂದೇ ಏಟಿಗೆ ಹೊಡೆಯೋಕೆ ಹೋಗಬೇಡಿ, ಬೆಳಗಾವಿಯಲ್ಲಿ ಮಲಗಿ. ಬೆಳಗಿನ ಜಾವ ಐದಕ್ಕೆ ಶಿಳ್‌ಫಾಟಾ ದಾಟಿರಿ. ಚೈನ್ ಬಿಗಿ ಮಾಡೋದು, ಫ್ಯೂಸ್ ಬದಲಿಸೋದು, ಪಂಕ್ಚರ್ ಹಾಕೋದು, ಈ ಮೂರನ್ನ ಮನೆಯ ಪಾರ್ಕಿಂಗ್‌ನಲ್ಲೇ ನಿಮ್ಮ ಕೈಯಾರೆ ಒಂದೊಂದು ಸಲ ಮಾಡಿ ನೋಡಿ ಹೊರಡಿ. ಮೈಸೂರಿನ ಆ ಬೈಕಿನವರಿಗೆ ಗೊತ್ತಿದ್ದಿದ್ದೂ ಇಂಥವೇ ನಾಲ್ಕು ಕೆಲಸ.

ಮುಂದಿನ ಮಾತುಕತೆಯಲ್ಲಿ ಖಂಬಾಟಕಿ ಘಾಟಿನಿಂದ ನಿಪ್ಪಾಣಿವರೆಗಿನ ದಾರಿಯ ಕಥೆ ಹೇಳ್ತೀನಿ. ಹೆಲ್ಮೆಟ್ ಬಕಲ್ ಹಾಕ್ಕೊಳ್ಳಿ. ಸಿಗೋಣ.